ಎಷ್ಟು ಆಳ ಎಂದಲ್ಲ, ಯಾವ ಪದರ ಎಂದು ಕೇಳಿ

ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ಎಡದಂಡೆಗೆ ಹಳ್ಳೂರು ಎಂಬ ಊರಿದೆ. ಅಲ್ಲಿ ಆರು ಮೀಟರಿಗಿಂತ ತುಸು ಎತ್ತರದ ಒಂದು ದಿಬ್ಬ. ದಾರಿಹೋಕರು ನಿಂತು ನೋಡುವಂಥದ್ದು ಅದರಲ್ಲಿ ಏನೂ ಇಲ್ಲ. ಆದರೆ ದಕ್ಷಿಣ ಭಾರತಕ್ಕೆ ಕಬ್ಬಿಣ ಯಾವಾಗ ಬಂತು ಎಂಬ ಚರ್ಚೆ ಎದ್ದಾಗಲೆಲ್ಲ ಹಳ್ಳೂರಿನ ಹೆಸರು ಬಂದೇ ಬರುತ್ತದೆ. ಕುದುರೆ ಯಾವಾಗ ಬಂತು ಎಂಬ ಜಗಳದಲ್ಲಂತೂ ಇನ್ನೂ ಬಿರುಸಾಗಿ ಬರುತ್ತದೆ.

ಹಾವೇರಿ ಇನ್ನೂ ಅಖಂಡ ಧಾರವಾಡ ಜಿಲ್ಲೆಯೊಳಗಿದ್ದ ಕಾಲದಲ್ಲಿ, 1965ರಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಎಂ. ಎಸ್. ನಾಗರಾಜರಾವ್ ಇಲ್ಲಿ ಉತ್ಖನನ ನಡೆಸಿದರು. 1971ರಲ್ಲಿ ಅದರ ವರದಿ ಪುಸ್ತಕವಾಗಿ ಹೊರಬಂತು. ಮುಂದೆ ಅವರು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರೂ ಆದರು. ಅಗೆತ ಮುಗಿದು ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಗಿದೆ. ಆದರೂ ಆ ದಿಬ್ಬದ ಬಗ್ಗೆ ವಿದ್ವಾಂಸರು ಇಂದಿಗೂ ವಾದಿಸುತ್ತಿದ್ದಾರೆ. ಏಕೆ ಎಂದು ತಿಳಿಯಬೇಕಾದರೆ ದಿಬ್ಬ ಹೇಗೆ ಬೆಳೆಯುತ್ತದೆ, ಅದನ್ನು ಹೇಗೆ ಬಿಚ್ಚುತ್ತಾರೆ ಎಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು.

ಮಣ್ಣಿನಲ್ಲಿ ಕಟ್ಟಿದ ಊರು ತಾನಾಗಿಯೇ ಮೇಲೇರುತ್ತದೆ. 2019ರ ಆಗಸ್ಟ್ ನೆರೆಯಲ್ಲಿ ಮಲಪ್ರಭೆಯ ದಂಡೆಯ ಕೊಣ್ಣೂರು, ಹೊಳೆಆಲೂರು ಕಡೆ ಮಣ್ಣಿನ ಗೋಡೆಗಳು ಕುಸಿದುಬಿದ್ದದ್ದು ನಮ್ಮ ಭಾಗದವರಿಗೆ ನೆನಪಿರುತ್ತದೆ. ಬಿದ್ದ ಗೋಡೆಯ ಮಣ್ಣನ್ನು ಯಾರೂ ಊರಾಚೆ ಸಾಗಿಸುವುದಿಲ್ಲ. ಕಟ್ಟಿಗೆ, ಕದ, ಪಾತ್ರೆ ಎತ್ತಿಕೊಳ್ಳುತ್ತಾರೆ, ಮಣ್ಣನ್ನು ಅಲ್ಲೇ ಹರಡಿ ಬಡಿದು ಅದರ ಮೇಲೆಯೇ ಮತ್ತೆ ಕಟ್ಟುತ್ತಾರೆ. ಒಳಗೆ ನಾಲ್ಕು ಮೀಟರ್ ಅಗಲ, ಐದು ಮೀಟರ್ ಉದ್ದವಿರುವ, ಎರಡಡಿ ದಪ್ಪ ಗೋಡೆಯ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಎದ್ದ ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಆ ಗೋಡೆಗಳೆಲ್ಲ ಮನೆಯ ಜಾಗದಲ್ಲೇ ಕುಸಿದು ಹರಡಿದರೆ ನೆಲ ಮುಕ್ಕಾಲು ಮೀಟರಿಗೆ ಕಡಿಮೆಯಿಲ್ಲದಂತೆ ಏರುತ್ತದೆ. ಮೂರು ನಾಲ್ಕು ತಲೆಮಾರಿಗೊಮ್ಮೆ ಹೀಗಾದರೆ ಏನಾಗುತ್ತದೆ ಎಂದು ನೀವೇ ಊಹಿಸಿ.

ಹಳ್ಳೂರಿನ ಮೊದಲ ನಿವಾಸಿಗಳ ಮನೆಗಳು ಇಷ್ಟು ಭಾರದವಲ್ಲ. ದುಂಡನೆಯ ಗುಡಿಸಲುಗಳು, ಬಿದಿರು ತಡಿಕೆಗೆ ಮಣ್ಣು ಮೆತ್ತಿದ ಗೋಡೆ, ಮೇಲೆ ಶಂಕುವಿನಾಕಾರದ ಚಾವಣಿ. ಅಂಥ ಮನೆ ಬಿದ್ದರೆ ತೆಳ್ಳನೆಯ ಪದರವೊಂದು ಉಳಿಯುತ್ತದೆ ಅಷ್ಟೆ. ಉಳಿದ ಎತ್ತರ ಒಲೆಯ ಬೂದಿಯದು, ಸಗಣಿಯದು, ಎಲುಬಿನದು, ಒಡೆದ ಮಡಕೆಯದು, ಮತ್ತೆ ಮತ್ತೆ ಸಾರಿಸಿ ಗಟ್ಟಿಮಾಡಿದ ನೆಲದ್ದು. ಸಾವಿರ ವರ್ಷಕ್ಕೆ ನಾಲ್ಕು ಮೀಟರ್ ಎಂದರೆ ವರ್ಷಕ್ಕೆ ನಾಲ್ಕು ಮಿಲಿಮೀಟರ್. ಅಲ್ಲಿ ಬದುಕಿದವರಾರಿಗೂ ತಮ್ಮ ಊರು ಏರುತ್ತಿರುವುದು ಗಮನಕ್ಕೆ ಬಂದಿರಲಾರದು.

ಹಾಗಾದರೆ ಮೇಲಿನದು ಹೊಸದು, ಕೆಳಗಿನದು ಹಳೆಯದು. ಇಷ್ಟು ಯಾರಿಗಾದರೂ ಹೊಳೆಯುತ್ತದೆ, ಮತ್ತು ಇಷ್ಟಕ್ಕೇ ನಿಂತರೆ ದಾರಿ ತಪ್ಪುವುದೂ ಖಂಡಿತ. ಏಕೆಂದರೆ ಜನ ಬರೀ ಮೇಲಕ್ಕೆ ಕಟ್ಟುವುದಿಲ್ಲ, ಕೆಳಕ್ಕೂ ತೋಡುತ್ತಾರೆ. ನಮ್ಮ ಕಡೆಯ ಹಳೆಯ ಊರುಗಳಲ್ಲಿ ಜೋಳ ತುಂಬಿಡಲು ತೋಡುತ್ತಿದ್ದ ಹಗೇವುಗಳನ್ನೇ ನೋಡಿ. ಒಬ್ಬ ಮನುಷ್ಯ ಇಳಿದು ನಿಂತರೂ ಕಾಣದಷ್ಟು ಆಳದ ಹಗೇವನ್ನು ಹಳೆಯ ದಿಬ್ಬದ ಮೇಲೆ ತೋಡಿದರೆ ಅದು ಹತ್ತಾರು ಪದರಗಳನ್ನು ಸೀಳಿಕೊಂಡು ಇಳಿಯುತ್ತದೆ. ಮುಂದೊಂದು ದಿನ ಹಗೇವು ಹಾಳಾಗಿ ಕಸದಿಂದ ತುಂಬಿಕೊಳ್ಳುತ್ತದೆ. ಈಗ ಎರಡು ಮೀಟರ್ ಆಳದಲ್ಲಿ ಒಂದು ಬಳೆಚೂರು ಸಿಕ್ಕಿತು ಎನ್ನೋಣ. ಅದು ಎರಡು ಮೀಟರ್ ಆಳದ ಪದರದ ಕಾಲದ್ದೋ, ಮೇಲಿನಿಂದ ತೋಡಿದ ಹಗೇವಿನೊಳಗೆ ಬಿದ್ದದ್ದೋ? ಅಳತೆಪಟ್ಟಿ ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ. ಮಣ್ಣಿನ ಬಣ್ಣ, ಗಡಸುತನ, ಅಂಚು ಇವುಗಳನ್ನು ನೋಡಿದವನಿಗೆ ಮಾತ್ರ ವ್ಯತ್ಯಾಸ ಕಾಣುತ್ತದೆ.

ಪುರಾತತ್ವದ ಅಗೆತ ಅಷ್ಟು ನಿಧಾನವಾಗಿರುವುದಕ್ಕೆ ಕಾರಣ ಇದೇ. ದಿಬ್ಬದ ಮೇಲೆ ಗೂಟ ನೆಟ್ಟು, ದಾರ ಎಳೆದು, ಚೌಕಾಬಾರದ ಮನೆಯಂತೆ ಚೌಕಗಳನ್ನು ಗುರುತಿಸುತ್ತಾರೆ. ಎರಡು ಚೌಕಗಳ ನಡುವೆ ಅರ್ಧ ಅಥವಾ ಒಂದು ಮೀಟರ್ ಅಗಲದ ಮಣ್ಣಿನ ಅಡ್ಡಗೋಡೆಯನ್ನು ಅಗೆಯದೆ ಬಿಡುತ್ತಾರೆ. ಹೊರಗಿನವರಿಗೆ ಅದು ನಡೆದಾಡುವ ದಾರಿಯಂತೆ ಕಾಣುತ್ತದೆ. ನಿಜದಲ್ಲಿ ಅದೇ ಸಾಕ್ಷಿ. ಚೌಕದೊಳಗಿನ ಮಣ್ಣು ಹೋದ ಮೇಲೂ ಪದರಗಳು ಯಾವ ಕ್ರಮದಲ್ಲಿದ್ದವು, ಯಾವ ಗುಂಡಿ ಯಾವ ನೆಲದಿಂದ ಇಳಿಯಿತು ಎಂಬುದು ಆ ಗೋಡೆಯ ಮುಖದಲ್ಲಿ ನಿಂತಿರುತ್ತದೆ. ಈ ಪದ್ಧತಿಯನ್ನು ನಮ್ಮ ದೇಶದಲ್ಲಿ ಬೇರೂರಿಸಿದವರು 1944ರಿಂದ 1948ರವರೆಗೆ ಸರ್ವೇಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್.

ಅಡ್ಡಗೋಡೆಯ ಮುಖವನ್ನು ಕರಣೆಯಿಂದ ಹೆರೆದು, ತುಸು ನೀರು ಸಿಂಪಡಿಸಿ ನೋಡಬೇಕು. ಒಣಗಿದ ಮಣ್ಣಿನಲ್ಲಿ ಒಂದೇ ಬಣ್ಣವೆಂದು ತೋರಿದ್ದು ತೇವವಾದ ಕೂಡಲೇ ಬೇರೆಬೇರೆಯಾಗುತ್ತದೆ. ಇಲ್ಲೊಂದು ಬೂದಿಯ ಪಟ್ಟಿ, ಅದರ ಕೆಳಗೆ ಬೆರಳು ದಪ್ಪದ, ಕಲ್ಲಿನಂತೆ ಗಡುಸಾದ ಗೆರೆ. ಆ ಗೆರೆ ಒಂದು ಮನೆಯ ನೆಲ. ಅದನ್ನು ಅಡ್ಡವಾಗಿ ಕತ್ತರಿಸುವ ಬದಲು ಮೇಲಿನಿಂದ ಬಿಡಿಸಿದರೆ ನೆಲದ ಮೇಲೆ ಅಲ್ಲಲ್ಲಿ ಮುಷ್ಟಿಯಗಲದ ಕಪ್ಪು ವೃತ್ತಗಳು ಏಳುತ್ತವೆ. ಒಂದು ಕಾಲಕ್ಕೆ ಅಲ್ಲಿ ಗೂಟ ನಿಂತಿತ್ತು. ಗೂಟ ಕೊಳೆತಿದೆ, ಕುಳಿಯೊಳಗೆ ಮೆತ್ತನೆಯ ಬೇರೆ ಮಣ್ಣು ಸೇರಿದೆ. ಕರಣೆಯ ತುದಿ ಅಲ್ಲಿ ಸಲೀಸಾಗಿ ಇಳಿಯುತ್ತದೆ, ಪಕ್ಕದಲ್ಲಿ ಇಳಿಯುವುದಿಲ್ಲ. ಅಂಥ ಹತ್ತಾರು ಕುಳಿಗಳು ಬಳೆಯಾಕಾರದಲ್ಲಿ ಕೂಡಿಬಂದರೆ ದುಂಡುಮನೆ ಸಿಕ್ಕಿತು ಎಂದರ್ಥ. ಗೋಡೆಯ ಒಂದು ಹಿಡಿ ಮಣ್ಣೂ ಉಳಿಯದಿರಬಹುದು, ಮನೆಯ ಅಳತೆ ಮಾತ್ರ ನಿಖರವಾಗಿ ಸಿಗುತ್ತದೆ. ಗುದ್ದಲಿ ಹಿಡಿದು ಒಂದೇ ಸಮನೆ ಅಗೆದವನಿಗೆ ಈ ಮನೆ ಎಂದೆಂದಿಗೂ ಸಿಗುವುದಿಲ್ಲ, ಅವನ ಬುಟ್ಟಿಯಲ್ಲಿ ಬರೀ ಮಣ್ಣಿರುತ್ತದೆ.

ದಕ್ಷಿಣದ ನವಶಿಲಾಯುಗದ ಊರುಗಳಲ್ಲಿ ಸಣ್ಣ ಮಕ್ಕಳು ತೀರಿಕೊಂಡರೆ ಮಡಕೆಯಲ್ಲಿಟ್ಟು ಹೂಳುತ್ತಿದ್ದರು, ಎಷ್ಟೋ ಸಲ ಮನೆಯ ನೆಲದ ಕೆಳಗೇ. ಹಳ್ಳೂರಿನಲ್ಲೂ ಈ ರೂಢಿ ಕಂಡಿದೆ. ಅಂಥ ಮಡಕೆಯ ಬಾಯಿ ಕಂಡಾಗ ಅಗೆಯುವವರು ಮೊದಲು ನೋಡುವುದು ಎಲುಬನ್ನಲ್ಲ, ಗುಂಡಿಯ ಅಂಚನ್ನು. ಆ ಗುಂಡಿ ಮೇಲಿನ ನೆಲವನ್ನು ಸೀಳಿದೆಯೋ, ನೆಲ ಹಾಕುವ ಮೊದಲೇ ತೋಡಿದ್ದೋ? ಮಗು ಯಾವ ಮನೆಯದು ಎಂಬುದು ಅದರಿಂದಲೇ ತೀರ್ಮಾನವಾಗಬೇಕು.

ಈಗ ಕಬ್ಬಿಣದ ಮಾತು. 1947ರಲ್ಲಿ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಮೂರು ಸಂಸ್ಕೃತಿಗಳು ಒಂದರ ಮೇಲೊಂದು ಸಿಕ್ಕವು. ಕೆಳಗೆ ಕಲ್ಲಿನ ಕೊಡಲಿಯವರು, ನಡುವೆ ಕಬ್ಬಿಣ ಬಳಸಿ ಕಲ್ಗೋರಿ ಕಟ್ಟಿದವರು, ಮೇಲೆ ಶಾತವಾಹನರ ಕಾಲದವರು. ಕ್ರಮವೇನೋ ಸ್ಪಷ್ಟವಾಯಿತು, ಆದರೆ ಇಸವಿ? ಮೇಲಿನ ಪದರದಲ್ಲಿ ಸಿಕ್ಕ ಸಣ್ಣ ಗೀರುಗಳ ಅಲಂಕಾರದ ಒಂದು ಬಗೆಯ ಮಡಕೆ, ಎರಡು ವರ್ಷದ ಹಿಂದಷ್ಟೇ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ಸಾಮಾನುಗಳ ಜೊತೆಗೆ ಸಿಕ್ಕಿತ್ತು. ರೋಮಿನ ಸಾಮಾನಿಗೆ ಕಾಲ ಗೊತ್ತಿತ್ತು. ಆದ್ದರಿಂದ ಬ್ರಹ್ಮಗಿರಿಯ ಮೇಲಿನ ಪದರ ಕ್ರಿ.ಶ. 1ನೆಯ ಶತಮಾನಕ್ಕೆ ಕಟ್ಟುಬಿತ್ತು. ಅಲ್ಲಿಂದ ಕೆಳಕ್ಕೆ ಪದರಗಳ ದಪ್ಪ ನೋಡಿ ಅಂದಾಜು ಮಾಡುತ್ತ ವೀಲರ್ ಕಲ್ಗೋರಿಯವರನ್ನು, ಅವರ ಕಬ್ಬಿಣದ ಸಮೇತ, ಸುಮಾರು ಕ್ರಿ.ಪೂ. 200ಕ್ಕೆ ಕೂರಿಸಿದರು. ತರ್ಕದಲ್ಲಿ ಜಾಣತನವಿತ್ತು. ತೂಗಿಬಿಡಲು ಇದ್ದದ್ದು ಮಾತ್ರ ಒಂದೇ ಮೊಳೆ.

ಹಳ್ಳೂರಿನ ದಿಬ್ಬದಲ್ಲಿ ನಾಗರಾಜರಾವ್ ಅವರಿಗೆ ಸಿಕ್ಕ ಕ್ರಮವೂ ಸರಿಸುಮಾರು ಇದೇ ಬಗೆಯದು. ಕೆಳಗೆ ನವಶಿಲಾಯುಗದ ಪದರಗಳು, ಅವುಗಳಲ್ಲಿ ಮೇಲೆ ಬಂದಂತೆ ತಾಮ್ರ. ಅದಾದ ಮೇಲೆ ಒಂದು ಸಂಧಿಕಾಲ. ಹಳೆಯ ಕಲ್ಲಿನ ಉಪಕರಣಗಳು ಇನ್ನೂ ಬಳಕೆಯಲ್ಲಿವೆ, ಜೊತೆಗೆ ಕಪ್ಪು ಮತ್ತು ಕೆಂಪು ಬಣ್ಣದ ಹೊಸ ಮಡಕೆಗಳು ಬಂದಿವೆ, ಕಬ್ಬಿಣದ ಬಾಣದ ತುದಿ, ಚೂರಿಗಳೂ ಬಂದಿವೆ. ಒಂದು ಜನ ಹೋಗಿ ಇನ್ನೊಂದು ಜನ ಬಂದರು ಎನ್ನುವಂತೆ ಗೆರೆ ಕೊಯ್ದ ಬದಲಾವಣೆ ಇಲ್ಲ. ಒಂದೇ ಊರಿನ ಅಡುಗೆಮನೆಯಲ್ಲಿ ಹಳೆಯದೂ ಹೊಸದೂ ಒಟ್ಟಿಗಿದ್ದ ಕಾಲ ಅದು. ನನ್ನ ಮಟ್ಟಿಗೆ ಹಳ್ಳೂರಿನ ದೊಡ್ಡ ಸಂಗತಿ ಇದೇ.

ವೀಲರ್ ಕೈಯಲ್ಲಿ ಇಲ್ಲದ ಒಂದು ಸಾಧನ ಅಷ್ಟರಲ್ಲಿ ಬಂದಿತ್ತು. ಗಿಡಮರಗಳು ಬದುಕಿರುವಷ್ಟು ಕಾಲ ಗಾಳಿಯಿಂದ ಇಂಗಾಲ ಹೀರುತ್ತವೆ, ಅದರಲ್ಲಿ ತೀರ ಅಲ್ಪ ಪಾಲು ವಿಕಿರಣಶೀಲವಾದ ಇಂಗಾಲ-14. ಗಿಡ ಸತ್ತ ಗಳಿಗೆಯಿಂದ ಹೊಸದು ಸೇರುವುದಿಲ್ಲ, ಇದ್ದದ್ದು ಕರಗುತ್ತ ಹೋಗುತ್ತದೆ. ಸುಮಾರು 5,730 ವರ್ಷಕ್ಕೆ ಅರ್ಧ ಉಳಿಯುತ್ತದೆ, ಮೂರು ಸಾವಿರ ವರ್ಷದ ಇದ್ದಿಲಿನಲ್ಲಿ ಶೇ 70ರಷ್ಟು. ಉಳಿದದ್ದನ್ನು ಅಳೆದರೆ ಕಳೆದ ಕಾಲ ತಿಳಿಯುತ್ತದೆ. ಈ ವಿಧಾನ ಕಂಡುಹಿಡಿದ ವಿಲ್ಲರ್ಡ್ ಲಿಬ್ಬಿಗೆ 1960ರಲ್ಲಿ ನೊಬೆಲ್ ಬಂತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅರವತ್ತರ ದಶಕದಲ್ಲಿ ಈ ಅಳತೆ ನಡೆಯುತ್ತಿತ್ತು. ಹಳ್ಳೂರಿನ ಇದ್ದಿಲನ್ನು ಅಲ್ಲಿ ಪರೀಕ್ಷಿಸಿದಾಗ ಕಬ್ಬಿಣದ ಪದರ ಸುಮಾರು ಕ್ರಿ.ಪೂ. 1000ದ್ದು, ನೂರು ವರ್ಷ ಆಚೆ ಅಥವಾ ಈಚೆ, ಎಂದು ಬಂತು. ವೀಲರ್ ಅಂದಾಜಿಗಿಂತ ಎಂಟು ಶತಮಾನ ಹಿಂದೆ!

ಇಲ್ಲಿ ಒಂದು ಸೂಕ್ಷ್ಮವಿದೆ, ಪತ್ರಿಕೆಯ ತಲೆಬರಹಗಳಲ್ಲಿ ಅದು ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಕಾಲ ಅಳೆದದ್ದು ಕಬ್ಬಿಣದ್ದಲ್ಲ, ಅದೇ ಪದರದ ಇದ್ದಿಲಿನದು. ಬಾಣದ ತುದಿಯೂ ಇದ್ದಿಲೂ ಒಂದೇ ಕಾಲದಲ್ಲಿ ಒಂದೇ ನೆಲಕ್ಕೆ ಬಿದ್ದವು ಎಂಬುದನ್ನು ಪ್ರಯೋಗಾಲಯ ಹೇಳಲಾರದು, ಅಗೆದವನೇ ಹೇಳಬೇಕು. ಇದ್ದಿಲಿನಲ್ಲೂ ತೊಡಕಿದೆ. ಇನ್ನೂರು ವರ್ಷ ಬೆಳೆದ ಮರದ ತಿರುಳು ಸುಟ್ಟ ಇದ್ದಿಲಾದರೆ, ಬೆಂಕಿ ಹಚ್ಚಿದ ದಿನಕ್ಕಿಂತ ಇನ್ನೂರು ವರ್ಷ ಹಳೆಯ ಕಾಲ ಬರುತ್ತದೆ. ಒಂದೇ ಮಳೆಗಾಲ ಬದುಕಿದ ಹುರುಳಿಯ ಕಾಳಿನಲ್ಲಿ ಈ ತೊಡಕಿಲ್ಲ, ಹಾಗಾಗಿಯೇ ಈಗ ಸುಟ್ಟ ಕಾಳಿಗೆ ಅಷ್ಟು ಬೆಲೆ. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಶಿವಗಳೈನ ಕಾಲಮಾನಗಳನ್ನು ಮುಂದಿಟ್ಟು ಕಬ್ಬಿಣವನ್ನು ಕ್ರಿ.ಪೂ. ನಾಲ್ಕನೆಯ ಸಹಸ್ರಮಾನಕ್ಕೆ ಒಯ್ದಾಗ ಜನ ಸಂಭ್ರಮಿಸಿದರು ಅಥವಾ ಗೇಲಿ ಮಾಡಿದರು. ಎರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ಅಳೆದ ವಸ್ತು ಯಾವುದು, ಕಬ್ಬಿಣದೊಂದಿಗೆ ಅದರ ನಂಟು ಎಷ್ಟು ಗಟ್ಟಿ ಎಂಬುದು. ಹಳ್ಳೂರಿಗೂ ಅದೇ ಪ್ರಶ್ನೆ, ಶಿವಗಳೈಗೂ ಅದೇ.

ಕುದುರೆಯ ಕಥೆಯಲ್ಲಿ ಪ್ರಶ್ನೆ ಎರಡಾಗುತ್ತದೆ. ಹಳ್ಳೂರಿನ ಪ್ರಾಣಿ ಎಲುಬುಗಳನ್ನು ಪರೀಕ್ಷಿಸಿದವರು ಪಶುವೈದ್ಯರಾಗಿದ್ದ ಕೆ. ಆರ್. ಆಲೂರ. ನವಶಿಲಾಯುಗದ ಪದರದಲ್ಲಿ ಕುದುರೆಯ ಎಲುಬುಗಳಿವೆ ಎಂದು ಅವರು 1971ರಲ್ಲಿ ಬರೆದರು. ಕುದುರೆ ಹೊರಗಿನಿಂದ ಬಂದವರೊಂದಿಗೆ, ಅದೂ ಸಾಕಷ್ಟು ತಡವಾಗಿ ದಕ್ಷಿಣಕ್ಕೆ ಬಂತು ಎಂದು ನಂಬಿದ್ದವರಿಗೆ ಇದು ನುಂಗಲಾರದ ತುತ್ತಾಯಿತು. ಆಕ್ಷೇಪಗಳು ಬಂದವು, ಎರಡು ದಶಕದ ಮೇಲೂ ಆಲೂರರು ತಮ್ಮ ಮಾತು ಬದಲಿಸಲಿಲ್ಲ. ಜನಾಂಗ, ಆಕ್ರಮಣ, ಅಭಿಮಾನ ಎಲ್ಲವೂ ಸೇರಿ ಈ ಚರ್ಚೆ ಈಗ ಎಲುಬಿನಿಂದ ಬಹಳ ದೂರ ಹೋಗಿಬಿಟ್ಟಿದೆ. ಅದನ್ನೆಲ್ಲ ಬದಿಗಿಟ್ಟರೆ ಉಳಿಯುವುದು ಎರಡೇ. ಒಂದು, ಅದು ಕುದುರೆಯದೇ ಎಲುಬೇ? ಕತ್ತೆ, ಕಾಡುಕತ್ತೆ, ಕುದುರೆ ಹತ್ತಿರದ ಬಂಧುಗಳು. ಕಾಲಿನ ಒಂದು ತುಂಡು ಎಲುಬನ್ನೋ ಒಂದು ಹಲ್ಲನ್ನೋ ಹಿಡಿದು ಇವುಗಳನ್ನು ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ಎರಡು, ಎಲುಬು ಆ ಪದರದ್ದೇ, ಅಥವಾ ಮೇಲಿನ ಗುಂಡಿಯೊಂದರಿಂದ ಇಳಿದು ಬಂದದ್ದೇ? ಈ ಎರಡಕ್ಕೂ ಒಪ್ಪಿಗೆಯಾಗುವ ಉತ್ತರ ಬರುವ ತನಕ ಹಳ್ಳೂರಿನ ಕುದುರೆಯ ಬೆನ್ನೇರಿ ಯಾವ ಸಿದ್ಧಾಂತವೂ ಬಹಳ ದೂರ ಸಾಗಲಾರದು, ಅದು ಯಾವ ಪಕ್ಷದ್ದಾದರೂ ಸರಿ.

ಪದರ ಕಲಕಿದೆಯೇ ಎಂದು ಪತ್ತೆಹಚ್ಚಲು ನಮ್ಮ ಜಿಲ್ಲೆಯವರಿಗೆ ಒಂದು ಸುಲಭದ ಸಾಕ್ಷಿಯಿದೆ. ಬ್ಯಾಡಗಿ ಮೆಣಸಿನಕಾಯಿ ಎಷ್ಟೇ ನಮ್ಮದಾಗಿದ್ದರೂ ಮೆಣಸಿನ ಗಿಡ ಅಮೆರಿಕ ಖಂಡದ್ದು, ಪೋರ್ಚುಗೀಸರು ಬಂದ ಮೇಲಷ್ಟೇ ಈ ನೆಲಕ್ಕೆ ಬಂದದ್ದು. ಈಗ ಹಾವೇರಿಯ ಹೊಲಗಳನ್ನೆಲ್ಲ ತುಂಬಿಕೊಂಡಿರುವ ಗೋವಿನಜೋಳವೂ ಹಾಗೆಯೇ. ಮೂರು ಸಾವಿರ ವರ್ಷದ ಪದರದಲ್ಲಿ ಒಂದೇ ಒಂದು ಮೆಣಸಿನ ಬೀಜ ಕಂಡರೂ ಅಲ್ಲಿ ಇಲಿಯೋ ಹೆಗ್ಗಣವೋ ಗೆದ್ದಲೋ ಓಡಾಡಿದೆ ಎಂದು ತಿಳಿಯಬೇಕು. ಆ ಮೂಲೆಯ ಬೇರೆ ಕಾಳುಗಳ ಮೇಲೂ ಆಗ ಅನುಮಾನ ಹುಟ್ಟುತ್ತದೆ.

ಕಾಳು ಹುಡುಕುವ ಕೆಲಸ ನೋಡಲು ಸೊಗಸು. ಪದರದ ಮಣ್ಣನ್ನು ಬಕೆಟ್ಟಿನಲ್ಲಿ ತುಂಬಿ, ನೀರು ಸುರಿದು, ಮೆಲ್ಲಗೆ ಕಲಕುತ್ತಾರೆ. ಮಣ್ಣು, ಕಲ್ಲು ತಳಕ್ಕೆ ಕೂರುತ್ತವೆ. ಸುಟ್ಟು ಕರಿಯಾದ ಬೀಜ, ಇದ್ದಿಲಿನ ಚೂರು ಹಗುರ, ಮೇಲೆ ತೇಲುತ್ತವೆ. ಆ ಕರಿ ನೊರೆಯನ್ನು ಸಣ್ಣ ಕಣ್ಣಿನ ಜರಡಿಗೆ ಬಗ್ಗಿಸಿ, ನೆರಳಿನಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದಡಿ ಒಂದೊಂದೇ ಕಾಳನ್ನು ಬೇರ್ಪಡಿಸುತ್ತಾರೆ. ಸುಡದ ಕಾಳು ಕೊಳೆತುಹೋಗುತ್ತದೆ, ಪೂರ್ತಿ ಸುಟ್ಟದ್ದು ಬೂದಿಯಾಗುತ್ತದೆ. ಒಲೆಯ ಅಂಚಿಗೆ ಸಿಡಿದು ಅರೆಸುಟ್ಟದ್ದು ಮಾತ್ರ ನಾಲ್ಕು ಸಾವಿರ ವರ್ಷ ಬಾಳುತ್ತದೆ. ಪ್ರಾಚೀನ ಸಸ್ಯಾವಶೇಷಗಳ ತಜ್ಞ ಡೋರಿಯನ್ ಫುಲ್ಲರ್ ಮತ್ತು ಧಾರವಾಡದವರೇ ಆದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮೊದಲಾದವರು ಹಳ್ಳೂರೂ ಸೇರಿದಂತೆ ಈ ಭಾಗದ ಹಲವು ನೆಲೆಗಳ ಮಣ್ಣನ್ನು ಹೀಗೆ ತೇಲಿಸಿ ನೋಡಿದರು. ದಕ್ಷಿಣದ ನವಶಿಲಾಯುಗದವರ ಮುಖ್ಯ ಆಹಾರ ಕೊರಲೆಯಂಥ ಕಿರುಧಾನ್ಯಗಳು, ಹುರುಳಿ ಮತ್ತು ಹೆಸರು ಎಂದು ಅದರಿಂದ ತಿಳಿಯಿತು. ಹಳ್ಳೂರಿನ ಮೇಲಿನ ಪದರಗಳಲ್ಲಿ ಹತ್ತಿಯ ಬೀಜವೂ ಸಿಕ್ಕಿತು. ಇಂದಿಗೂ ಮುಂಗಾರಿನಲ್ಲಿ ಗದಗ, ಧಾರವಾಡದ ರೈತರು ಬಿತ್ತುವ ಹೆಸರು ಅಷ್ಟು ಹಳೆಯ ಬೆಳೆ. ರಾಗಿಯ ವಿಷಯ ಹಾಗಿಲ್ಲ. ಅದು ಮೂಲತಃ ಆಫ್ರಿಕಾದ ಧಾನ್ಯ. ಹಳೆಯ ವರದಿಗಳಲ್ಲಿ ರಾಗಿ ಎಂದು ಗುರುತಿಸಿದ್ದ ಎಷ್ಟೋ ಕಾಳುಗಳು ಮರುಪರಿಶೀಲನೆಯಲ್ಲಿ ಬೇರೆ ಕಿರುಧಾನ್ಯಗಳಾಗಿ ಕಂಡಿವೆ.

ಇಷ್ಟೆಲ್ಲ ತಿಳಿದ ಮೇಲೆ ದಿಬ್ಬಗಳಿಗೆ ಈಗ ಆಗುತ್ತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬೇಚರಾಕ್ ಊರುಗಳ, ಎಂದರೆ ಜನ ಬಿಟ್ಟುಹೋದ ಊರುಗಳ, ದಿಬ್ಬದ ಬೂದುಮಣ್ಣು ಹೊಲಕ್ಕೆ ಒಳ್ಳೆಯದು ಎಂದು ರೈತರು ಗಾಡಿಯಲ್ಲಿ ಹೇರುತ್ತಿದ್ದರು. ಅದು ತಲೆಮಾರುಗಳಿಂದ ನಡೆದದ್ದು, ಗಾಡಿಗೂ ಒಂದು ಮಿತಿಯಿತ್ತು. ಜೆಸಿಬಿಗೆ ಮಿತಿಯಿಲ್ಲ, ಸಾವಿರ ವರ್ಷ ಅದಕ್ಕೆ ಒಂದು ಬೆಳಗಿನ ಕೆಲಸ. ಇನ್ನು ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು ಇಟ್ಟು ಅಗೆಯುವ ನಿಧಿಗಳ್ಳರು. ನವಶಿಲಾಯುಗದ ಹಟ್ಟಿಯಲ್ಲಿ ಕೊಪ್ಪರಿಗೆ ಹೊನ್ನು ಹುಡುಕುವ ಇವರಿಗೆ ಸಿಗುವುದು ಬೋಕಿ ಬಿಲ್ಲೆ, ಎಂದರೆ ಒಡೆದ ಮಡಕೆಯ ಚೂರು. ಸಿಟ್ಟಿನಿಂದ ಅದನ್ನು ಎಸೆದು ಹೋಗುತ್ತಾರೆ. ಪುರಾತತ್ವದವರಿಗೆ ಬೇಕಾಗಿದ್ದುದು ಆ ಬೋಕಿಯೇ, ಅದು ಇದ್ದ ಜಾಗದಲ್ಲೇ ಇದ್ದಿದ್ದರೆ! ಮಡಕೆ ಅಗ್ಗ, ಬೇಗ ಒಡೆಯುತ್ತದೆ, ಕೊಳೆಯುವುದಿಲ್ಲ, ಅದರ ಆಕಾರವೂ ಬಣ್ಣವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಪದರಕ್ಕೆ ಹೆಸರಿಡಲು ಅದಕ್ಕಿಂತ ಒಳ್ಳೆಯ ಗುರುತಿಲ್ಲ. ಅಡಿಪಾಯ ತೋಡುವಾಗ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ರಾಜ್ಯದ 1962ರ ನಿಧಿ ಕಾಯ್ದೆ ಹೇಳುತ್ತದೆ. ಬೋಕಿಯ ರಾಶಿ ಸಿಕ್ಕರೂ ಒಂದು ಮಾತು ತಿಳಿಸುವುದು ಒಳ್ಳೆಯದು. ಧಾರವಾಡದಲ್ಲೇ ಸರ್ವೇಕ್ಷಣ ಇಲಾಖೆಯ ವಲಯ ಕಚೇರಿಯಿದೆ.

ಕಳ್ಳನಿಗೂ ಪುರಾತತ್ವಜ್ಞನಿಗೂ ಇರುವ ವ್ಯತ್ಯಾಸ ಅಗೆಯುವುದರಲ್ಲಿಲ್ಲ. ಅಗೆದ ಜಾಗ ಇಬ್ಬರ ಕೈಯಲ್ಲೂ ನಾಶವಾಗುತ್ತದೆ, ಒಮ್ಮೆ ತೆಗೆದ ಪದರವನ್ನು ಮತ್ತೆ ಜೋಡಿಸಲು ಯಾರಿಂದಲೂ ಆಗದು. ಬರೆದಿಟ್ಟಿದ್ದರಲ್ಲಿ ವ್ಯತ್ಯಾಸವಿದೆ. ಚೌಕದ ಸಂಖ್ಯೆ, ಪದರದ ಸಂಖ್ಯೆ, ಆಳ, ದಿನಾಂಕ ಬರೆದ ಚೀಟಿ ಪ್ರತಿ ಚೀಲದಲ್ಲೂ ಇರಬೇಕು, ಅಡ್ಡಗೋಡೆಯ ನಕ್ಷೆ ಬರೆದಿರಬೇಕು, ಕೊನೆಗೆ ಎಲ್ಲವೂ ಅಚ್ಚಾಗಬೇಕು. ನಮ್ಮ ದೇಶದಲ್ಲಿ ಅಗೆದು ದಶಕಗಳಾದರೂ ವರದಿ ಬಾರದ ನೆಲೆಗಳಿಗೆ ಬರವಿಲ್ಲ. ಅವುಗಳ ಬಗ್ಗೆ ಜಗಳವಾಡಲಿಕ್ಕೂ ಆಧಾರವಿಲ್ಲ. ನಾಗರಾಜರಾವ್ ಆರು ವರ್ಷದಲ್ಲಿ ವರದಿ ಕೊಟ್ಟದ್ದರಿಂದಲೇ ಆಲೂರರ ಕುದುರೆಯನ್ನು ಇಂದು ಒಪ್ಪಲು, ಅಲ್ಲಗಳೆಯಲು, ಪದರದ ಸಂಖ್ಯೆ ಹಿಡಿದು ಪ್ರಶ್ನಿಸಲು ಸಾಧ್ಯವಾಗಿದೆ.

ಒಳ್ಳೆಯ ಉತ್ಖನನಕಾರರು ಇಡೀ ದಿಬ್ಬವನ್ನು ಅಗೆಯುವುದಿಲ್ಲ, ಒಂದು ಭಾಗವನ್ನು ಬೇಕೆಂದೇ ಬಿಡುತ್ತಾರೆ. 1965ರಲ್ಲಿ ಕಾಲ ಅಳೆಯಲು ಹಿಡಿಗಟ್ಟಲೆ ಇದ್ದಿಲು ಸುಡಬೇಕಾಗಿತ್ತು. ಈಗ ವೇಗವರ್ಧಕ ಯಂತ್ರದಲ್ಲಿ ಕೆಲವೇ ಮಿಲಿಗ್ರಾಂ ಸಾಕು, ಒಂದು ಹೆಸರುಕಾಳು ತನ್ನ ವಯಸ್ಸನ್ನು ತಾನೇ ಹೇಳಬಲ್ಲದು. ಹೀಗಾಗಿ ಅದು ಪದರಕ್ಕೆ ಸೇರಿದ್ದೋ ಇಲಿ ಎಳೆದು ತಂದದ್ದೋ ಎಂಬ ಅನುಮಾನವೂ ಅಲ್ಲಿಗೇ ತೀರುತ್ತದೆ. ಎಲುಬಿನ ವಿಷಯದಲ್ಲಿ ನಮ್ಮ ಹವೆ ಅಷ್ಟು ಅನುಕೂಲಕರವಲ್ಲ. ದಖ್ಖನ್ನಿನ ಬಿಸಿಲು ಮಳೆಗೆ ಎಲುಬಿನೊಳಗಿನ ಪ್ರೋಟೀನು, ವಂಶವಾಹಿ ಬೇಗ ಹಾಳಾಗುತ್ತವೆ. ಇಂದಿನ ವಿಧಾನಕ್ಕೆ ದಕ್ಕದ್ದು ಇಪ್ಪತ್ತು ವರ್ಷದ ಮೇಲೆ ದಕ್ಕಬಹುದು, ಆ ಹೊತ್ತಿಗೆ ಅಗೆಯದ ಒಂದು ಮೂಲೆ ದಿಬ್ಬದಲ್ಲಿ ಉಳಿದಿರಬೇಕಷ್ಟೆ.